ದ್ರೋಹಘರಟ್ಟ ಗಂಗರಾಜನ ವಿಜಯಗಳೂ ಅವಸಾನವೂ

ತಲಕಾಡನ್ನು ಬಳಸಿ ಕೆಳಕ್ಕೆ ಹರಿದ ಕಾವೇರಿಯು ಅರ್ಕಾವತಿಯನ್ನು ಕೂಡಿಕೊಳ್ಳುವ ಕನಕಪುರದ ಸೀಮೆ, ಅದಕ್ಕೆ ಸಮೀಪದ ಮರಳವಾಡಿಯೇ ಮೊದಲಾದ ಗ್ರಾಮಗಳು, ಚನ್ನಪಟ್ಟಣದ ಮಳೂರು, ಇವೆಲ್ಲವೂ ಪ್ರಾಚೀನ ಗಂಗವಾಡಿ ತೊಂಬತ್ತಾರುಸಾಸಿರದ ನೆಲವು. ಕ್ರಿ. ಶ. 1004ರ ಸುಮಾರಿಗೆ ಚೋಳರು ತಲಕಾಡನ್ನು ಹಿಡಿದು ಅದಕ್ಕೆ ರಾಜರಾಜಪುರವೆಂದೂ, ನಾಡಿಗೆ ಮುಡಿಗೊಂಡಚೋಳಮಂಡಲವೆಂದೂ ಹೆಸರಿಟ್ಟರು. ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದ ಆ ಪ್ರಭುತ್ವವನ್ನು ಕೊನೆಗಾಣಿಸಿದವನು ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನ ದಂಡನಾಯಕನಾದ ಗಂಗರಾಜನು. ಈತನನ್ನು ಬಸದಿಗಳ ಜೀರ್ಣೋದ್ಧಾರಕನೆಂದು ಕೊಂಡಾಡುವವರು ಬಹುಮಂದಿ. ಆದರೆ ಆತನ ಧರ್ಮಕಾರ್ಯಗಳಿಗೂ ಕತ್ತಿಗೂ ಇದ್ದ ಸಂಬಂಧವನ್ನೂ, ಆತನ ಮರಣವನ್ನು ಹೇಳುವ ಶಾಸನದಿಂದ ವಿಷ್ಣುವರ್ಧನನ ವಿಷಯದಲ್ಲಿ ಏನು ತಿಳಿಯಬರುವುದೆಂಬುದನ್ನೂ ಸಾಕಷ್ಟು ವಿಚಾರಿಸಿದಂತೆ ತೋರದು.

ಗಂಗರಾಜನು ಕೌಂಡಿನ್ಯಗೋತ್ರದವನು, ಏಚಿರಾಜ ಪೋಚಿಕಬ್ಬೆಯರ ಮಗನು. ಮೂಲಸಂಘದ ದೇಸಿಗಗಣ ಪುಸ್ತಕಗಚ್ಛದ ಶುಭಚಂದ್ರ ಸಿದ್ಧಾಂತದೇವರು ಆತನ ಗುರುಗಳು. ತಲಕಾಡಿನಲ್ಲಿ ಚೋಳನ ಸಾಮಂತನಾದ ಅದಿಯಮನು ಕಾವಲಿದ್ದನು. ನಾಡನ್ನು ಬಿಟ್ಟುಕೊಡೆಂದು ಗಂಗರಾಜನು ಹೇಳಿ ಕಳುಹಿದಾಗ ಅವನು ಕಾದಿ ಕೊಳ್ಳೆಂದು ಮರುನುಡಿದನೆಂದು ಶಾಸನಗಳು ವರ್ಣಿಸುತ್ತವೆ. 1116ರ ಸುಮಾರಿಗೆ ನಡೆದ ಈ ಕಾಳಗದಲ್ಲಿ ಅದಿಯಮನು ಓಡಿದನು. ನರಸಿಂಗವರ್ಮನೇ ಮುಂತಾದ ಇತರ ಸಾಮಂತರಿಗೂ ಅದೇ ಗತಿಯಾಯಿತು. ಅರಸನು 'ತಲಕಾಡುಗೊಂಡ' ಎಂಬ ಬಿರುದನ್ನು ತಾಳಿ, ಆ ಬಿರುದನ್ನೇ ಪೊನ್ನಿನ ನಾಣ್ಯದ ಮೇಲೆ ಅಚ್ಚೊತ್ತಿಸಿದನು. ಮೆಚ್ಚಿ ಬೇಡಿಕೊಳ್ಳೆಂದಾಗ ಸೇನಾನಿಯು ಬೇಡಿದುದು ತಿಪ್ಪೂರೆಂಬ ಒಂದು ಊರನ್ನು. ಅದನ್ನು ಪಡೆದು ಜಿನಮುನಿಗಳಿಗೆ ಧಾರೆಯೆರೆದನು. ಮದ್ದೂರು ತಾಲ್ಲೂಕಿನ ಅರೆತಿಪ್ಪೂರೇ ಈ ಊರು. ಚನ್ನಪಟ್ಟಣದ ಸೀಮೆಗೆ ಬಹುದೂರವಲ್ಲ.

ಎರಡನೆಯ ವಿಜಯವು ಬಡಗಣ ದಿಕ್ಕಿನದು. ಚಾಳುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಸೇನೆಯು ಹನ್ನೆರಡು ಮಂದಿ ಸಾಮಂತರೊಡನೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿರಲು, ಗಂಗರಾಜನು ಇರುಳಿನಲ್ಲಿ ಮೇಲೆಬಿದ್ದು, ಬೀಡನ್ನು ಕದಡಿ, ಅಲ್ಲಿಯ ವಸ್ತುವಾಹನಗಳನ್ನು ತಂದು ಒಡೆಯನಿಗೊಪ್ಪಿಸಿದನು. ಇರುಳದಾಳಿ ಧರ್ಮಯುದ್ಧವೇ ಎಂದು ಶಾಸ್ತ್ರಜ್ಞರು ಕೇಳಬಹುದು. ಶಾಸನಕವಿಗೆ ಆ ಸಂಕೋಚವಿಲ್ಲ. ಅವನು ಇದನ್ನು ಹೊಗಳಿಕೆಯಾಗಿಯೇ ಹೇಳುತ್ತಾನೆ. ಈ ಸಲವೂ ಅರಸನು ವರವನ್ನು ಕೊಡಲು, ಗಂಗರಾಜನು ಪರಮವೆಂಬ ಗ್ರಾಮವನ್ನು ಬೇಡಿ, 1118ರಲ್ಲಿ ತನ್ನ ತಾಯಿಯೂ ಹೆಂಡತಿಯೂ ಎತ್ತಿಸಿದ ಜಿನಾಲಯಗಳಿಗೆ ಬಿಟ್ಟನು. ಗೊಮ್ಮಟೇಶ್ವರನ ಸುತ್ತಾಲಯವೂ ಈತನದೇ. ಅದನ್ನು ಸಾರುವ ಬರಹವು ವಿಗ್ರಹದ ಪಾದದ ಬಳಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದೆ. ಹೀಗೆ ಗೆಲವು, ವರ, ದತ್ತಿ ಎಂಬ ಕ್ರಮವು ಮರಳಿ ಮರಳಿ ಬರುವುದರಿಂದ, ಆತನ ದಾನಗಳು ರಣಭೂಮಿಯಲ್ಲಿಯೇ ಹುಟ್ಟಿದುವೆನ್ನಬೇಕು.

ಮುಂದೆ ಸಾವುಗಳು ಸಾಲಾಗಿ ಬಂದುವು. ಶಕ 1043ರಲ್ಲಿ ತಾಯಿ ಪೋಚಿಕಬ್ಬೆಯೂ, 1044ರಲ್ಲಿ ಪತ್ನಿ ಲಕ್ಷ್ಮೀಮತಿಯೂ, 1045ರಲ್ಲಿ ಗುರುಗಳಾದ ಶುಭಚಂದ್ರರೂ ಸಮಾಧಿವಿಧಿಯಿಂದ ದೇಹವನ್ನು ಬಿಟ್ಟರು. ಮೂವರ ನಿಸಿದಿಶಾಸನಗಳೂ ಶ್ರವಣಬೆಳ್ಗೊಳದಲ್ಲಿವೆ.

ಗಂಗರಾಜನ ಸ್ಮಾರಕವಾದರೋ ಬೆಳ್ಗೊಳದಲ್ಲಿಲ್ಲ, ದೋರಸಮುದ್ರದಲ್ಲಿದೆ. ಆತನು ಗತಿಸಲು, ಮಗನಾದ ಬೊಪ್ಪದಂಡನಾಯಕನು ತಂದೆಗೆ ಪರೋಕ್ಷವಿನಯವಾಗಿ, ಎಂದರೆ ಕಣ್ಮರೆಯಾದವರಿಗೆ ಸಲ್ಲಿಸುವ ಗೌರವವಾಗಿ, 1133ರಲ್ಲಿ ಅಲ್ಲಿ ಪಾರ್ಶ್ವನಾಥನನ್ನು ಪ್ರತಿಷ್ಠೆಮಾಡಿಸಿದನು. ತಂದೆಯ ಬಿರುದಿನಿಂದಲೇ ಆ ಬಸದಿಗೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಾಯಿತು. ಘರಟ್ಟವೆಂದರೆ ಬೀಸುವ ಕಲ್ಲು. ದ್ರೋಹವನ್ನು ಅರೆದು ಹುಡಿಮಾಡುವವನೆಂದು ಬಿರುದಿನ ಅರ್ಥ. ಅಹಿಂಸೆಯನ್ನು ಸಾರುವ ಜಿನನ ಮನೆಗೆ ಇಂತಹ ಹೆಸರು ವಿಚಿತ್ರವೇ ಸರಿ. ಆದರೆ ಅಲ್ಲಿಯ ಶಾಸನವೇ ಇದಕ್ಕೆ ವ್ಯಾಖ್ಯಾನದಂತಿದೆ. ಗಂಗರಾಜನ ಮತದಲ್ಲಿ ಏಳು ನರಕಗಳೆಂದರೆ ಸುಳ್ಳಾಡುವುದು, ಕಾಳಗದಲ್ಲಿ ಅಂಜುವುದು, ಪರಸ್ತ್ರೀಯರಲ್ಲಿ ಆಸಕ್ತಿ, ಮರೆಹೊಕ್ಕವರನ್ನು ಒಪ್ಪಿಸಿಬಿಡುವುದು, ಬೇಡಿದವರನ್ನು ತಣಿಸದಿರುವುದು, ತನ್ನನ್ನು ನಂಬಿದವರನ್ನು ತೊರೆಯುವುದು, ಒಡೆಯನಿಗೆ ಎರಡೆಣಿಸುವುದು ಎಂದು ಅದು ಹೇಳುತ್ತದೆ. ಆಗಮೋಕ್ತವಾದ ಸಪ್ತನರಕಗಳ ಸ್ಥಾನದಲ್ಲಿ ಯೋಧನೊಬ್ಬನ ನಡೆವಳಿಯೇ ನಿಂತಿದೆ. ಇದೇ ಸ್ವಾಮಿಭಕ್ತಿಯು ತರುವಾಯ ಬೇರೊಂದು ತೆರನಾದ ಮರಣಕ್ಕೂ ಕಾರಣವಾಯಿತು. ಹಳೆಬೀಡಿನ ಗರುಡಸ್ತಂಭದಲ್ಲಿ ಕಾಣುವ ಕುವರಲಕ್ಷ್ಮನು ಇಮ್ಮಡಿ ಬಲ್ಲಾಳನೊಡನೆ ಪತ್ನೀಪರಿವಾರಸಮೇತನಾಗಿ ಪ್ರಾಣವನ್ನೇ ಕೊಟ್ಟವನು.

ಬಸದಿಯ ಇಂದ್ರರು ಪ್ರತಿಷ್ಠೆಯ ಗಂಧೋದಕಶೇಷಾಕ್ಷತೆಗಳನ್ನು ಕೊಂಡು, ಅರಸನಿದ್ದ ಬಂಕಾಪುರಕ್ಕೆ ಹೋದರು. ವಿಷ್ಣುವರ್ಧನನು ಆಗತಾನೇ ತನ್ನ ಮೇಲೇರಿ ಬಂದ ಮಸಣನನ್ನು ಗೆಲಿದಿದ್ದನು. ಅದೇ ಸಮಯದಲ್ಲಿ ಲಕ್ಷ್ಮೀದೇವಿಗೆ ಕುಮಾರನೂ ಜನಿಸಿದ್ದನು. ಅರಸನು ಎದ್ದು, ಕೈಮುಗಿದು, ಶೇಷೆಯನ್ನು ತಲೆಯಲ್ಲಿ ಧರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ದತ್ತಿಯನ್ನೂ ಬಿಟ್ಟನು. ಶ್ರೀವೈಷ್ಣವನಾದ ವಿಷ್ಣುವರ್ಧನನು ಬಸದಿಗಳನ್ನು ಕೆಡವಿಸಿ ಜೈನರನ್ನು ಪೀಡಿಸಿದನೆಂಬ ಐತಿಹ್ಯವು ಈ ಶಾಸನದ ಎದುರಿಗೆ ನಿಲ್ಲುವುದು ಕಷ್ಟ. ಬೇಲೂರಿನ ದೇವಾಲಯವು 1117ರದು. ಬಂಕಾಪುರದ ಈ ವೃತ್ತಾಂತವು ಅದಕ್ಕೆ ಹದಿನಾರು ವರ್ಷ ಈಚಿನದು.

ಆ ದಿನಗಳಲ್ಲಿ ಹುಟ್ಟಿದ ನರಸಿಂಹನೇ ಪಟ್ಟವಾಳುತ್ತಿರಲು, 1159ರಲ್ಲಿ ಅವನ ಭಂಡಾರಿಯಾದ ಹುಳ್ಳನ ಶಾಸನವು ಜಿನಧರ್ಮವನ್ನು ಸ್ಥಿರವಾಗಿ ಎತ್ತಿಹಿಡಿದವರನ್ನು ಎಣಿಸುವಾಗ ರಾಚಮಲ್ಲನ ಮಂತ್ರಿಯಾದ ಚಾವುಂಡರಾಯನ ಬಳಿಕ ವಿಷ್ಣುವಿನ ಮಂತ್ರಿಯಾದ ಗಂಗನನ್ನೂ, ಮೂರನೆಯವನಾಗಿ ಹುಳ್ಳನನ್ನೂ ಹೆಸರಿಸಿತು.