ದೀಪ ನಮ್ಮದು, ಅಪ್ಪಣೆ ಯಾರದು?



ಇದು ಯಂತ್ರಗಳ ಯುಗವೆಂದು ನಾವು ಶಾಲೆಯಲ್ಲಿ ಓದಿದ್ದೆವು. ಈಗ ಯಂತ್ರಗಳಿಗೆ ಬುದ್ಧಿಯೂ ಬಂದಿದೆಯೆಂದು ಹೇಳುತ್ತಾರೆ. ಮಾತಿಗೆ ಉರಿಯುವ ಬಲ್ಬು, ಮೊಬೈಲಿನಿಂದ ತೆರೆಯುವ ಬೀಗ, ಅಂಗಳಕ್ಕೆ ಯಾರು ಬಂದರೆಂಬುದನ್ನು ದುಬಾಯಿಯಲ್ಲಿರುವ ಮಗನಿಗೆ ತೋರಿಸುವ ಕ್ಯಾಮೆರಾ ಇವೆಲ್ಲ ನಮ್ಮ ಕಾಸರಗೋಡಿನ ಮನೆಗಳಿಗೂ ಬಂದಿವೆ. ಇಂತಹ ಸಾಧನಗಳುಳ್ಳ ಮನೆಗೆ ‘ಸ್ಮಾರ್ಟ್ ಹೋಮ್’ ಎಂದು ಹೆಸರು. ನಾನು ವಿಜ್ಞಾನದ ಅಧ್ಯಾಪಕನಲ್ಲ, ಕನ್ನಡ ಪಂಡಿತ. ಆದರೂ ಈ ವಿಷಯವನ್ನು ತಿಳಿದುಕೊಳ್ಳಬೇಕಾದ ಪ್ರಸಂಗ ನನ್ನ ಮನೆಯಲ್ಲಿಯೇ ಒದಗಿತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ, ಅಮ್ಮನಿಗೆ ಕತ್ತಲಲ್ಲಿ ಸ್ವಿಚ್ಚು ತಡಕಾಡುವ ಕಷ್ಟ ಬೇಡವೆಂದು ಮಾತಿಗೆ ಉರಿಯುವ ಬಲ್ಬನ್ನೂ ಆ ಮಾತನ್ನು ಕೇಳಿಸಿಕೊಳ್ಳುವ ಸ್ಪೀಕರನ್ನೂ ತಂದು ಜೋಡಿಸಿದ. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಬಲ್ಬಿಗೆ ಕರೆಂಟೇ ಸಿಗುವುದಿಲ್ಲ. ಆದುದರಿಂದ ಯಾರೂ ಮುಟ್ಟದಂತೆ ಸ್ವಿಚ್ಚಿಗೆ ಟೇಪು ಅಂಟಿಸಿದ. ಅಮ್ಮ ನಾಲ್ಕು ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಿಕೊಂಡರು. ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು.

ಮಳೆಗಾಲದ ಒಂದು ಸಂಜೆ ತೆಂಗಿನ ಮಡಲು ಬಿದ್ದು ಇಂಟರ್ನೆಟ್ಟಿನ ಕೇಬಲ್ ತುಂಡಾಯಿತು. ನಾನು ಮನೆ ಸೇರುವಾಗ ಅಮ್ಮ ಕತ್ತಲಲ್ಲಿ ಕುಳಿತಿದ್ದರು. ಹೊಸ್ತಿಲು ಎಡವಿ ಬಿದ್ದು ಮೊಣಕೈ ತರಚಿತ್ತು. “ಎಷ್ಟು ಹೇಳಿದರೂ ಅದು ಕೇಳುವುದಿಲ್ಲ ಮಗಾ. ಸ್ವಿಚ್ಚು ಮುಟ್ಟಬಾರದೆಂದು ಅವನು ಹೇಳಿದ್ದಾನಲ್ಲ” ಎಂದರು. ನಾನು ಟೇಪನ್ನು ಕಿತ್ತು ಸ್ವಿಚ್ಚನ್ನು ಒಮ್ಮೆ ಆರಿಸಿ ಮತ್ತೆ ಹಾಕಿದೆ. ದೀಪ ಉರಿಯಿತು!

ಮನೆಯಲ್ಲಿ ಕರೆಂಟು ಇದ್ದರೂ ದೀಪ ಉರಿಯದುದೇಕೆ? ಇಂತಹ ಹೆಚ್ಚಿನ ಸ್ಪೀಕರುಗಳು ಮಾತಿನ ಅರ್ಥವನ್ನು ತಾವೇ ಪೂರ್ತಿಯಾಗಿ ತಿಳಿದುಕೊಳ್ಳುವುದಿಲ್ಲ. ನಮ್ಮ ಧ್ವನಿಯನ್ನು ಇಂಟರ್ನೆಟ್ಟಿನ ಮೂಲಕ ತಯಾರಕ ಕಂಪೆನಿಯ ಕಂಪ್ಯೂಟರಿಗೆ ಕಳುಹಿಸುತ್ತವೆ. ಅಲ್ಲಿ ಅರ್ಥ ತಿಳಿದು, ‘ದೀಪ ಉರಿಸು’ ಎಂಬ ಅಪ್ಪಣೆ ಹೊರಡುತ್ತದೆ. ಅನೇಕ ಸಲ ಅದು ಬಲ್ಬಿನ ಕಂಪೆನಿಯ ಇನ್ನೊಂದು ಕಂಪ್ಯೂಟರನ್ನು ದಾಟಿ ನಮ್ಮ ಮನೆಗೆ ಮರಳುತ್ತದೆ. ಅಮ್ಮನ ಮಂಚಕ್ಕೂ ಬಲ್ಬಿಗೂ ಇರುವ ಅಂತರ ಆರು ಅಡಿ; ಮಾತು ತಿರುಗಿ ಬರುವ ದಾರಿಯಾದರೋ ನೂರಾರು, ಕೆಲವೊಮ್ಮೆ ಸಾವಿರಾರು ಮೈಲು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಬಲ್ಬು ಕಿವುಡಾಗುತ್ತದೆ.

ದೂರದ ಈ ಕಂಪ್ಯೂಟರುಗಳ ವ್ಯವಸ್ಥೆಗೆ ‘ಕ್ಲೌಡ್’, ಅಂದರೆ ಮೋಡ, ಎಂದು ಹೆಸರು. ಎಂಜಿನಿಯರರು ನಕ್ಷೆ ಬರೆಯುವಾಗ ಹೊರಗಿನ ಜಾಲವನ್ನು ಮೋಡದ ಆಕಾರದಲ್ಲಿ ತೋರಿಸುತ್ತಿದ್ದುದರಿಂದ ಆ ಹೆಸರು ರೂಢಿಗೆ ಬಂತು. ಹೆಸರು ಆಕಾಶದ್ದಾದರೂ ವಸ್ತು ನೆಲದ್ದು. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಾಲುಸಾಲಾಗಿ ಇರಿಸಿದ ಕಂಪ್ಯೂಟರುಗಳೇ ಈ ಮೋಡ. ಅವುಗಳಿಗೆ ವಿದ್ಯುತ್ತು ಬೇಕು, ತಂಪು ಬೇಕು, ನೋಡಿಕೊಳ್ಳುವ ಮನುಷ್ಯರೂ ಬೇಕು. ಇಂತಹ ಕಟ್ಟಡಗಳನ್ನು ಕಟ್ಟಿ ಬೇರೆ ಕಂಪೆನಿಗಳಿಗೆ ಬಾಡಿಗೆಗೆ ಕೊಡುವವರಲ್ಲಿ ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಪ್ರಮುಖರು. ಅಂಗಡಿಯಲ್ಲಿ ಹತ್ತು ಕಂಪೆನಿಗಳ ಸಾಮಾನು ಕಂಡರೂ ಅವೆಲ್ಲ ಒಂದೇ ಬಾಡಿಗೆ ಕಟ್ಟಡವನ್ನು ನಂಬಿಕೊಂಡಿರುವುದು ಸಾಧ್ಯ.

ಇದರ ಪರಿಣಾಮ 2025ರ ಅಕ್ಟೋಬರ್ 20ರಂದು ಕಾಣಿಸಿತು. ನಮ್ಮಲ್ಲಿ ಅಂದು ದೀಪಾವಳಿ. ಅಮೆರಿಕದ ಉತ್ತರ ವರ್ಜೀನಿಯದಲ್ಲಿರುವ ಅಮೆಜಾನಿನ ಕೇಂದ್ರದಲ್ಲಿ ತೊಂದರೆಯುಂಟಾಯಿತು. ಕಾರಣ ಸಿಡಿಲೂ ಅಲ್ಲ, ಬೆಂಕಿಯೂ ಅಲ್ಲ. ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರು ನೋಡಿ ನಂಬರು ಹುಡುಕುವಂತೆ, ಇಂಟರ್ನೆಟ್ಟಿನಲ್ಲಿಯೂ ಹೆಸರಿನಿಂದ ವಿಳಾಸವನ್ನು ಹುಡುಕುವ ಪಟ್ಟಿಯೊಂದಿದೆ. ಆ ಪಟ್ಟಿಯನ್ನು ತಿದ್ದುವ ಕೆಲಸವನ್ನು ಸ್ವಯಂಚಾಲಿತ ಪ್ರೋಗ್ರಾಮುಗಳು ಮಾಡುತ್ತಿದ್ದವು. ಒಂದೇ ರಿಜಿಸ್ಟರಿನಲ್ಲಿ ಇಬ್ಬರು ಗುಮಾಸ್ತರು ಬರೆಯುತ್ತಿದ್ದರೆಂದು ಭಾವಿಸಿರಿ. ತಡವಾಗಿ ಬಂದವನು ಹೊಸ ವಿಳಾಸದ ಮೇಲೆ ಹಳೆಯದನ್ನು ಬರೆದ. ಇನ್ನೊಬ್ಬನು ಅದನ್ನು ಹಳತೆಂದು ಅಳಿಸಿದ. ಆ ಜಾಗ ಖಾಲಿ ಉಳಿಯಿತು. ಇದೂ ಹೀಗೆಯೇ. ಮುಖ್ಯವಾದ ಒಂದು ಮಾಹಿತಿ ಭಂಡಾರದ ವಿಳಾಸವೇ ಇಲ್ಲವಾಯಿತು. ಅದನ್ನು ನಂಬಿದ್ದ ಇತರ ಸೇವೆಗಳು ಒಂದೊಂದಾಗಿ ಕುಸಿದವು. ಎಲ್ಲವೂ ಸರಿಹೋಗಲು ಸುಮಾರು 15 ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಅಲೆಕ್ಸಾ ಎಂಬ ಮಾತಿನ ಸಾಧನ ಅನೇಕರಿಗೆ ಉತ್ತರಿಸಲಿಲ್ಲ. ರಿಂಗ್ ಎಂಬ ಕ್ಯಾಮೆರಾ ಕರೆಗಂಟೆಗಳು ಕೆಲಸ ಮಾಡಲಿಲ್ಲ. ಎಯ್ಟ್ ಸ್ಲೀಪ್ ಕಂಪೆನಿಯ ಬೆಲೆಬಾಳುವ ಹಾಸಿಗೆಗಳ ತಾಪವನ್ನಾಗಲಿ ಓರೆಯನ್ನಾಗಲಿ ಬದಲಿಸಲಾಗದೆ, ಮಲಗಿದ್ದವರು ಕಂಗೆಟ್ಟರು. ಮಲಗುವ ಹಾಸಿಗೆಗೂ ದೂರದ ಕಟ್ಟಡದ ಅಪ್ಪಣೆ ಬೇಕಾದುದು ವಿಚಿತ್ರವಲ್ಲವೇ?

ಇದು ಮೊದಲ ಸಲವೂ ಅಲ್ಲ. ಅದೇ ವರ್ಜೀನಿಯದ ಕೇಂದ್ರದಲ್ಲಿ 2017ರ ಫೆಬ್ರವರಿ 28ರಂದು ನೌಕರನೊಬ್ಬನು ಒಂದು ಆದೇಶವನ್ನು ತಪ್ಪಾಗಿ ಕೊಟ್ಟುದರಿಂದ ಸುಮಾರು ನಾಲ್ಕು ಗಂಟೆ ಅಡಚಣೆಯಾಯಿತು. 2021ರ ಡಿಸೆಂಬರ್ 7ರ ತೊಂದರೆಯಲ್ಲಿ ಗುಡಿಸುವ ಯಂತ್ರಗಳೂ ಮೊಬೈಲಿನ ಅಪ್ಪಣೆ ಸಿಗದೆ ನಿಂತವು.

ಕಂಪೆನಿಯೇ ಕೈಬಿಟ್ಟರೆ ನಷ್ಟ ಇನ್ನೂ ಹೆಚ್ಚು. ಮನೆಯ ಸಾಧನಗಳನ್ನೆಲ್ಲ ಒಂದುಗೂಡಿಸುವ ರಿವಾಲ್ವ್ ಎಂಬ ಪೆಟ್ಟಿಗೆಯ ಬೆಲೆ ಸುಮಾರು 300 ಡಾಲರ್ ಆಗಿತ್ತು. ಅದನ್ನು ತಯಾರಿಸಿದ ಕಂಪೆನಿಯನ್ನು ನೆಸ್ಟ್ ಎಂಬ ಕಂಪೆನಿ 2014ರಲ್ಲಿ ಕೊಂಡುಕೊಂಡು, 2016ರ ಮೇ ತಿಂಗಳಿನಲ್ಲಿ ಅದರ ಸೇವೆಯನ್ನು ನಿಲ್ಲಿಸಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಅದಕ್ಕೆ ಉತ್ತರ ಕೊಡುವವರು ಇರಲಿಲ್ಲ. ಹಣ ಕೊಟ್ಟವನು ಒಡೆಯನೆಂಬ ಮಾತು ಇಲ್ಲಿ ಸುಳ್ಳಾಯಿತು.

ಹಾಗೆಂದು ಇವನ್ನೆಲ್ಲ ಮನೆಯಿಂದ ಹೊರಗೆ ಹಾಕಬೇಕೇ? ಹಾಗಲ್ಲ. ಕೈಕಾಲು ಸ್ವಾಧೀನವಿಲ್ಲದವರಿಗೆ, ವೃದ್ಧರಿಗೆ, ಇವುಗಳಿಂದ ಆಗುವ ಉಪಕಾರ ದೊಡ್ಡದು. ಆದರೆ ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಒಂದನೆಯದು: ಇಂಟರ್ನೆಟ್ ಇಲ್ಲದಿದ್ದರೂ ಇದು ತನ್ನ ಮುಖ್ಯ ಕೆಲಸವನ್ನು ಮಾಡುತ್ತದೆಯೇ? ಮನೆಯೊಳಗೇ ಒಂದರೊಡನೊಂದು ಮಾತಾಡಿಕೊಂಡು ಕೆಲಸ ಮಾಡುವ ಸಾಧನಗಳೂ ಇವೆ. ಎರಡನೆಯದು: ಕೈಯಿಂದ ನಡೆಸುವ ದಾರಿ ಇದೆಯೇ? ಬೀಗಕ್ಕೆ ಕೀಲಿಕೈ, ಬಲ್ಬಿಗೆ ಸ್ವಿಚ್ಚು ಇರಲೇಬೇಕು. ಮೂರನೆಯದು: ಆ ದಾರಿ ಮನೆಯಲ್ಲಿರುವ ಎಲ್ಲರಿಗೂ ಗೊತ್ತಿದೆಯೇ? ನಮ್ಮ ಮನೆಯಲ್ಲಿ ತಪ್ಪಿದ್ದು ಇಲ್ಲಿಯೇ. ಸ್ವಿಚ್ಚು ಗೋಡೆಯಲ್ಲಿಯೇ ಇತ್ತು. ಅದನ್ನು ಮುಟ್ಟಬಾರದೆಂದು ಅಮ್ಮನಿಗೆ ಕಲಿಸಿದವರು ನಾವು.

ಕರೆಂಟು ಬಂದ ಮೇಲೆಯೂ ನಮ್ಮ ಹಿರಿಯರು ಚಿಮಿಣಿ ದೀಪಕ್ಕೆ ಎಣ್ಣೆ ತುಂಬಿಸಿಯೇ ಇಡುತ್ತಿದ್ದರು. ಅದು ಕರೆಂಟಿನ ಮೇಲಿನ ದ್ವೇಷವಲ್ಲ, ಮಳೆಗಾಲದ ಅನುಭವ. ನೀವೂ ಇಂದು ಒಂದು ಪರೀಕ್ಷೆ ಮಾಡಿಕೊಳ್ಳಿರಿ. ಮೊಬೈಲನ್ನು ನೋಡದೆ ನಿಮ್ಮ ತಂದೆತಾಯಿಯರ ನಂಬರನ್ನು ಹೇಳಬಲ್ಲಿರಾ? ಬಾರದಿದ್ದರೆ ಇಂದೇ ಬಾಯಿಪಾಠ ಮಾಡಿರಿ.

ಅಮ್ಮನ ಕೋಣೆಯಲ್ಲಿ ಆ ಬಲ್ಬು ಈಗಲೂ ಮಾತಿಗೆ ಉರಿಯುತ್ತದೆ. ಸ್ವಿಚ್ಚಿನ ಮೇಲೆ ಟೇಪು ಮಾತ್ರ ಇಲ್ಲ.