ಆಸ್ಪತ್ರೆ ಬಿಲ್ಲು ಮತ್ತು ಸರ್ಕಾರಿ ನೌಕರ: ತಪ್ಪು ಕಲ್ಪನೆ, ಸತ್ಯ

ಶಿವಮೊಗ್ಗ, ಭದ್ರಾವತಿಯ ಎಷ್ಟೋ ಮನೆಗಳಲ್ಲಿ ತಂದೆ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರು, ಮಗಳು ಸರ್ಕಾರಿ ಶಾಲೆಯ ಶಿಕ್ಷಕಿ, ಮಗ ಯಾವುದೋ ಇಲಾಖೆಯಲ್ಲಿ ಹೊರಗುತ್ತಿಗೆ ನೌಕರ. ಊರವರ ಕಣ್ಣಿಗೆ ಮೂವರೂ ‘ಗೌರ್ಮೆಂಟಿನವರೇ’. ಆದರೆ ಕಾಯಿಲೆ ಬಿದ್ದಾಗ ಮೂವರಿಗೂ ಅನ್ವಯಿಸುವ ನಿಯಮ ಬೇರೆ ಬೇರೆ. ಇದು ತಿಳಿಯದೆ ಹಕ್ಕಿದ್ದೂ ಅರ್ಜಿ ಹಾಕದೆ ಸಾಲ ತೀರಿಸುತ್ತಿರುವವರು ನಮ್ಮ ನಡುವೆಯೇ ಇದ್ದಾರೆ.

ತಪ್ಪು ಕಲ್ಪನೆ: ವೈದ್ಯಕೀಯ ವೆಚ್ಚ ಮರುಪಾವತಿ ಸರ್ಕಾರದ ಕೃಪೆ. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ.

ಸತ್ಯ: ರಾಜ್ಯ ಸರ್ಕಾರಿ ನೌಕರರಿಗೆ ‘ಕರ್ನಾಟಕ ಸರ್ಕಾರಿ ನೌಕರರ (ವೈದ್ಯಕೀಯ ಹಾಜರಾತಿ) ನಿಯಮಗಳು, 1963’ ಇವೆ. ಇವು ಸೇವಾ ನಿಯಮಗಳು, ಕಾನೂನಿನ ಬಲವಿರುವಂಥವು. ಆರೋಗ್ಯದ ಹಕ್ಕು ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ, ಪಂಜಾಬಿನ ನೌಕರರೊಬ್ಬರ ಪ್ರಕರಣದಲ್ಲಿ ಹೇಳಿದೆ. ಬಿಲ್ಲು ಮಂಜೂರು ಮಾಡಿ ಎಂದು ಕೇಳುವವರು ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ.

ತಪ್ಪು ಕಲ್ಪನೆ: ಸರ್ಕಾರ ಮಾನ್ಯ ಮಾಡಿದ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿದರೆ ಬಿಡಿಗಾಸೂ ಸಿಗದು.

ಸತ್ಯ: ಆಸ್ಪತ್ರೆಯ ಹೆಸರು ಸರ್ಕಾರಿ ಆದೇಶದಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಹಕ್ಕನ್ನು ನಿರಾಕರಿಸುವಂತಿಲ್ಲ, ಚಿಕಿತ್ಸೆ ನಿಜವಾಗಿ ನಡೆದಿದೆಯೇ ಎಂಬುದನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2018ರ ಶಿವಕಾಂತ್ ಝಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಅದು ಕೇಂದ್ರದ ನಿವೃತ್ತ ಅಧಿಕಾರಿಯ ಪ್ರಕರಣ. ಹಾಗೆಂದು ಯಾವ ಆಸ್ಪತ್ರೆಗೆ ಹೋದರೂ ಪೂರ್ತಿ ಬಿಲ್ಲು ಬರುತ್ತದೆ ಎಂದುಕೊಳ್ಳುವುದೂ ತಪ್ಪೇ. ಸರ್ಕಾರ ತನ್ನ ಹಣಕಾಸಿನ ಮಿತಿ ನೋಡಿಕೊಂಡು ದರ ನಿಗದಿ ಮಾಡಬಹುದು ಎಂದು ಅದೇ ನ್ಯಾಯಾಲಯ 1998ರಲ್ಲಿ ಒಪ್ಪಿದೆ. ಎದೆನೋವಿನಿಂದ ನಡುರಾತ್ರಿ ಹತ್ತಿರದ ಆಸ್ಪತ್ರೆಗೆ ಸೇರಿದ್ದಕ್ಕೂ, ತಿಂಗಳ ಮೊದಲೇ ಗೊತ್ತುಮಾಡಿಕೊಂಡ ಶಸ್ತ್ರಚಿಕಿತ್ಸೆಗೆ ಪಟ್ಟಿ ಬಿಟ್ಟು ಹೋದದ್ದಕ್ಕೂ ವ್ಯತ್ಯಾಸವಿದೆ. ತುರ್ತು ಎಂಬುದನ್ನು ದಾಖಲೆಯೇ ಹೇಳಬೇಕು: ದಾಖಲಾದ ಸಮಯ, ವೈದ್ಯರ ಸಹಿ ಮತ್ತು ಮೊಹರಿನ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಬಿಡಿಬಿಡಿಯಾಗಿ ಬರೆದ ಮೂಲ ಬಿಲ್ಲುಗಳು. ‘ಔಷಧಿ ಇತ್ಯಾದಿ’ ಎಂದು ಒಟ್ಟು ಮೊತ್ತ ಬರೆದ ಬಿಲ್ಲಿಗೆ ಆಕ್ಷೇಪಣೆ ಬರುವುದು ಖಚಿತ.

ತಪ್ಪು ಕಲ್ಪನೆ: ಸಂಬಳದಲ್ಲಿ ಕೆಜಿಐಡಿ ಕಡಿತವಾಗುತ್ತದಲ್ಲ, ಆರೋಗ್ಯ ವಿಮೆ ಅದರಲ್ಲೇ ಇದೆ.

ಸತ್ಯ: ಇಲ್ಲ. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಶುರುವಾದ ಆ ವಿಮೆ ಜೀವ ವಿಮೆ. ಆಸ್ಪತ್ರೆ ವೆಚ್ಚಕ್ಕೂ ಅದಕ್ಕೂ ಸಂಬಂಧವಿಲ್ಲ.

ತಪ್ಪು ಕಲ್ಪನೆ: ಸರ್ಕಾರಿ ನೌಕರರ ಆರೋಗ್ಯ ಸಂಜೀವಿನಿ ಯೋಜನೆ ಎಂದರೆ ಹಳೆಯ ಜ್ಯೋತಿ ಸಂಜೀವಿನಿ ಯೋಜನೆಗೆ ಇಟ್ಟ ಹೊಸ ಹೆಸರು.

ಸತ್ಯ: ಜ್ಯೋತಿ ಸಂಜೀವಿನಿಗೆ ನೌಕರರು ವಂತಿಗೆ ಕೊಡುತ್ತಿರಲಿಲ್ಲ, ಅದು ಹೃದ್ರೋಗ, ಕ್ಯಾನ್ಸರ್, ಸುಟ್ಟಗಾಯದಂಥ ಏಳು ಬಗೆಯ ಗಂಭೀರ ಚಿಕಿತ್ಸೆಗಳಿಗೆ ಸೀಮಿತವಾಗಿತ್ತು. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕರ್ನಾಟಕ ಆರೋಗ್ಯ ಸಂಜೀವಿನಿಯ ವ್ಯಾಪ್ತಿ ಅದಕ್ಕಿಂತ ಬಹಳ ದೊಡ್ಡದು. ಇದಕ್ಕೆ ತಿಂಗಳ ವಂತಿಗೆ ಉಂಟು: ‘ಎ’ ವೃಂದಕ್ಕೆ 1,000 ರೂಪಾಯಿ, ‘ಬಿ’ಗೆ 500, ‘ಸಿ’ಗೆ 350, ‘ಡಿ’ಗೆ 250. ಬೇಡವೆಂದು ಲಿಖಿತವಾಗಿ ತಿಳಿಸಿ ಹೊರಗುಳಿಯುವ ಅವಕಾಶವನ್ನೂ ಕೊಡಲಾಗಿತ್ತು. 1963ರ ನಿಯಮಗಳ ಮರುಪಾವತಿಯಲ್ಲಿ ಮೊದಲು ನಾವು ಕಟ್ಟಿ ಆಮೇಲೆ ಕಾಯಬೇಕು. ಆರೋಗ್ಯ ಸಂಜೀವಿನಿಯಲ್ಲಿ ನೋಂದಾಯಿತ ಆಸ್ಪತ್ರೆಯೊಂದಿಗೆ ಲೆಕ್ಕ ಚುಕ್ತಾ ಮಾಡುವುದು ಯೋಜನೆಯೇ. ಕಡಿಮೆ ಸಂಬಳದ ‘ಡಿ’ ವೃಂದದ ನೌಕರರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ.

ತಪ್ಪು ಕಲ್ಪನೆ: ಸರ್ಕಾರದ ಕಾರ್ಖಾನೆ, ಸರ್ಕಾರದ ಬಸ್ಸು, ಸರ್ಕಾರದ ಕಚೇರಿ, ಎಲ್ಲರಿಗೂ ಒಂದೇ ಸೌಲಭ್ಯ.

ಸತ್ಯ: ಭದ್ರಾವತಿಯಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ವಿಐಎಸ್‌ಎಲ್ 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಅಲ್ಲಿಯ ನೌಕರರಿಗೆ, ನಿವೃತ್ತರಿಗೆ ಕಂಪನಿಯದೇ ವ್ಯವಸ್ಥೆ. ಎಂಪಿಎಂ ಕಾಗದ ಕಾರ್ಖಾನೆ ರಾಜ್ಯ ಸರ್ಕಾರದ ಒಡೆತನದ್ದಾದರೂ ಅದು ಕಂಪನಿ; ಅದರ ಕಾರ್ಮಿಕರು 1963ರ ನಿಯಮಗಳ ಅರ್ಥದಲ್ಲಿ ಸರ್ಕಾರಿ ನೌಕರರಾಗಿರಲಿಲ್ಲ. ಕೆಎಸ್‌ಆರ್‌ಟಿಸಿ ಸಿಬ್ಬಂದಿಗೆ 2025ರ ಜನವರಿಯಿಂದ ನಿಗಮದ್ದೇ ನಗದುರಹಿತ ಯೋಜನೆ ಇದೆ. ಹೊರಗುತ್ತಿಗೆಯವರಿಗೆ, ಸಂಬಳ 21,000 ರೂಪಾಯಿ ಮೀರದಿದ್ದರೆ, ಇಎಸ್‌ಐ (ನೌಕರರ ರಾಜ್ಯ ವಿಮೆ). ಅಲ್ಲಿ ನೌಕರನ ಪಾಲು ಶೇ. 0.75, ಮಾಲೀಕನ ಪಾಲು ಶೇ. 3.25. ಏಜೆನ್ಸಿ ಈ ಹಣ ಹಿಡಿದು ಕಟ್ಟದೇ ಇದ್ದರೆ ಅದು ಅಪರಾಧ. ತಿಂಗಳ ಸಂಬಳದ ಚೀಟಿಯಲ್ಲಿ ನಿಮ್ಮ ಇಎಸ್‌ಐ ಸಂಖ್ಯೆ ಇದೆಯೇ, ನೋಡಿಕೊಳ್ಳಿ.

ತಪ್ಪು ಕಲ್ಪನೆ: ನಿವೃತ್ತರಾದ ಮೇಲೂ ಇವೆಲ್ಲ ಮುಂದುವರಿಯುತ್ತವೆ.

ಸತ್ಯ: 1963ರ ನಿಯಮಗಳಾಗಲಿ ಜ್ಯೋತಿ ಸಂಜೀವಿನಿಯಾಗಲಿ ಸೇವೆಯಲ್ಲಿರುವವರಿಗಾಗಿ ಮಾಡಿದವು. ಕಾಯಿಲೆ ಹೆಚ್ಚುವ ವಯಸ್ಸಿನಲ್ಲೇ ಆಸರೆ ತಪ್ಪುವುದು ಅನ್ಯಾಯ. ತಮಗೂ ಚಿಕಿತ್ಸಾ ಸೌಲಭ್ಯ ಬೇಕು ಎಂದು ನಿವೃತ್ತರು ಕೇಳುತ್ತಿರುವುದು ನ್ಯಾಯವಾದ ಬೇಡಿಕೆ. ಆದರೆ ಮಗ ಅಥವಾ ಮಗಳು ಸರ್ಕಾರಿ ಸೇವೆಯಲ್ಲಿದ್ದರೆ, ಅವಲಂಬಿತ ತಂದೆತಾಯಿ ಆರೋಗ್ಯ ಸಂಜೀವಿನಿಯ ಕುಟುಂಬದೊಳಗೆ ಬರುತ್ತಾರೆ. ಅವರ ಆದಾಯಕ್ಕೆ ಮಿತಿಯಿದೆ.

ಹಾಗಾಗಿ ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮ ವೇತನ ಬಟವಾಡೆ ಅಧಿಕಾರಿಯ ಕಚೇರಿಗೆ ಹೋಗಿ, ನೀವು ಯಾವ ಯೋಜನೆಯಲ್ಲಿದ್ದೀರಿ, ಮನೆಯವರಲ್ಲಿ ಯಾರ ಯಾರ ಹೆಸರು ಸೇರಿದೆ ಎಂದು ಕೇಳಿ. ಬಿಟ್ಟುಹೋದ ಹೆಸರನ್ನು ಸೇರಿಸಲು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ನಿಂತು ನಿಯಮ ಹುಡುಕುವ ಸ್ಥಿತಿ ಯಾರಿಗೂ ಬರಬಾರದು.