ಉಗುರಿನಷ್ಟು ಕಾರ್ಡು, ಮೂಟೆಯಷ್ಟು ಸಾಮಾನು

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದವರನ್ನು ಗುರುತಿಸುವುದು ಕಷ್ಟವೇನಲ್ಲ. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಚಹಾದ ಲೋಟ, ಜೇಬಿನಲ್ಲಿ ‘ಸ್ಟೋರೇಜ್ ಫುಲ್’ ಎಂದು ದಿನಕ್ಕೆ ಹತ್ತು ಸಲ ಗೋಳಾಡುವ ಫೋನು. ನಾನೂ ಅದೇ ಗುಂಪಿನವನು. ಹಗಲೆಲ್ಲ ಓದು, ಸಂಜೆ ಐದರಿಂದ ಒಂಬತ್ತರವರೆಗೆ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ. ಅಲ್ಲಿಗೆ ಬರುವ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಕೇಳುವುದು ಒಂದೇ: ‘ಅಣ್ಣಾ, ಫೋನ್ ತುಂಬೇತಿ, ಏನರ ಮಾಡಿಕೊಡ್ರಿ.’

ಹೊಸ ಫೋನು ಕೊಳ್ಳುವುದು ನಮ್ಮಂಥವರ ಮಾತಲ್ಲ. ಮನೆಯಿಂದ ಬರುವ ದುಡ್ಡು ಮೆಸ್ಸಿಗೂ ಕೋಚಿಂಗಿಗೂ ಸರಿಹೋಗುತ್ತದೆ. ಉಳಿದಿರುವ ದಾರಿ ಮೆಮೊರಿ ಕಾರ್ಡು. ಒಂದು ವಿಷಯದಲ್ಲಿ ಮಾತ್ರ ಬಡವರ ಫೋನೇ ಮೇಲು ಎಂದು ನಾನು ತಮಾಷೆ ಮಾಡುವುದುಂಟು. ಐಫೋನಿಗೆ ಕಾರ್ಡು ಹಾಕುವ ಜಾಗ ಯಾವತ್ತೂ ಇರಲಿಲ್ಲ, ಸ್ಯಾಮ್ಸಂಗ್ ಕಂಪನಿ 2021ರ ಎಸ್21ರಿಂದ ತನ್ನ ದುಬಾರಿ ಎಸ್ ಸರಣಿಯಲ್ಲಿ ಆ ಜಾಗವನ್ನೇ ತೆಗೆದುಹಾಕಿತು. ಕಡಿಮೆ ಬೆಲೆಯ ಅನೇಕ ಫೋನುಗಳಲ್ಲಿ ಅದು ಇನ್ನೂ ಇದೆ.

ಇದ್ದರೂ ಅದರಲ್ಲೊಂದು ತಕರಾರು. ಬಹಳಷ್ಟು ಫೋನುಗಳ ಟ್ರೇಯಲ್ಲಿ ಎರಡೇ ಮನೆ. ಎರಡನೆಯದರಲ್ಲಿ ಒಂದೋ ಇನ್ನೊಂದು ಸಿಮ್ ಕೂರಬೇಕು, ಇಲ್ಲವೇ ಕಾರ್ಡು ಕೂರಬೇಕು. ಕಾರ್ಡಿನ ಆಸೆಗೆ ಹಳೆಯ ಸಿಮ್ ತೆಗೆದು ಪರ್ಸಿನಲ್ಲಿಟ್ಟುಕೊಳ್ಳುವವರನ್ನು ನೋಡಿದ್ದೇನೆ. ಉದ್ಯೋಗಾಕಾಂಕ್ಷಿಗಳು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಅರ್ಜಿ ಹಾಕುವಾಗ ಯಾವ ನಂಬರ್ ಕೊಟ್ಟಿದ್ದೀರಿ? ಬ್ಯಾಂಕಿಗೆ, ಆಧಾರಿಗೆ ಯಾವುದು ಜೋಡಣೆಯಾಗಿದೆ? ಒಟಿಪಿಯೂ ದಾಖಲೆ ಪರಿಶೀಲನೆಯ ಸಂದೇಶವೂ ಬರುವುದು ಆ ನಂಬರಿಗೇ. ಅದು ಎರಡನೇ ಸಿಮ್ಮಿನಲ್ಲಿದ್ದರೆ ಕಾರ್ಡಿನ ಯೋಚನೆ ಬಿಡುವುದು, ಇಲ್ಲವೇ ಮನೆಯಲ್ಲಿ ಬಿದ್ದಿರುವ ಬಟನ್ ಫೋನಿಗೆ ಆ ಸಿಮ್ಮನ್ನು ದಾಟಿಸುವುದು ಒಳ್ಳೆಯದು. ಕೆಲವು ಫೋನುಗಳಲ್ಲಿ ಎರಡು ಸಿಮ್ ಮತ್ತು ಒಂದು ಕಾರ್ಡಿಗೆ ಬೇರೆಬೇರೆ ಜಾಗ ಇರುತ್ತದೆ. ಟ್ರೇ ಹೊರಗೆಳೆದು ನೋಡಿದರೆ ಗೊತ್ತಾಗುತ್ತದೆ.

ಈಗ ಕೊಳ್ಳುವ ವಿಷಯ. ಕಾರ್ಡಿನ ಮೇಲೆ ಇರುವೆ ಸಾಲಿನಂತೆ ಅಕ್ಷರಗಳಿರುತ್ತವೆ, ಯಾರೂ ಓದುವುದಿಲ್ಲ. ಎಸ್‌ಡಿಎಚ್‌ಸಿ ಎಂದಿದ್ದರೆ ಅದು 32 ಜಿಬಿವರೆಗಿನ ಕಾರ್ಡು. ಎಸ್‌ಡಿಎಕ್ಸ್‌ಸಿ ಎಂದಿದ್ದರೆ ಅದಕ್ಕೂ ಮೇಲಿನದು, 2 ಟಿಬಿವರೆಗೆ. ವೃತ್ತದೊಳಗೆ 10 ಎಂದೋ, ಇಂಗ್ಲಿಷಿನ ಯು ಅಕ್ಷರದೊಳಗೆ 1 ಎಂದೋ ಇದ್ದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ವೇಗದಲ್ಲಿ ಬರೆಯುತ್ತದೆ ಎಂದರ್ಥ. ಅದೇ ಯು ಒಳಗೆ 3 ಇದ್ದರೆ 30 ಎಂಬಿ. ಕ್ಲಾಸಿನ ವಿಡಿಯೊ, ಪಿಡಿಎಫ್, ಹಾಡು ಇಡಲು ಮೊದಲನೆಯದೇ ಸಾಕು. 4ಕೆ ವಿಡಿಯೊ ತೆಗೆಯುವವರಿಗೆ ಎರಡನೆಯದು. ಎ1, ಎ2 ಎಂಬ ಗುರುತು ಆ್ಯಪ್‌ಗಳನ್ನು ಕಾರ್ಡಿನಿಂದಲೇ ಓಡಿಸುವವರಿಗೆ ಮಾತ್ರ ಬೇಕಾದದ್ದು.

ಎಸ್‌ಡಿಎಚ್‌ಸಿ ಮತ್ತು ಎಸ್‌ಡಿಎಕ್ಸ್‌ಸಿ ನಡುವಿನ ವ್ಯತ್ಯಾಸ ಬರೀ ಗಾತ್ರದ್ದಲ್ಲ ಎನ್ನುವುದನ್ನು ನವಲಗುಂದದ ಕಡೆಯ ಒಬ್ಬ ಅಜ್ಜನಿಂದ ಎಲ್ಲರಿಗೂ ವಿವರಿಸುತ್ತೇನೆ. ಅವರ ಹತ್ತಿರ ಟ್ರ್ಯಾಕ್ಟರಿನಲ್ಲಿ ಹಾಡು ಹಚ್ಚುವ ಹಳೆಯ ಸ್ಪೀಕರ್ ಪೆಟ್ಟಿಗೆ ಇತ್ತು. ‘ಮೊಮ್ಮಗ ಬೆಂಗಳೂರಿಂದ ದೊಡ್ಡ ಕಾರ್ಡ್ ತಂದಾನ, ಪೆಟಗಿ ಮಾತಾಡವಲ್ದು ನೋಡ್ ತಮ್ಮಾ’ ಎಂದರು. ಕಾರ್ಡು 64 ಜಿಬಿಯದು, ಅಸಲಿ, ಏನೂ ಕೆಟ್ಟಿರಲಿಲ್ಲ. 32 ಜಿಬಿವರೆಗಿನ ಕಾರ್ಡುಗಳು ಫ್ಯಾಟ್32 ಎಂಬ ಹಳೆಯ ಲೆಕ್ಕದ ಪುಸ್ತಕ ಇಟ್ಟುಕೊಂಡು ಬರುತ್ತವೆ, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್ ಎಂಬ ಹೊಸ ಪುಸ್ತಕ. ಅಜ್ಜನ ಪೆಟ್ಟಿಗೆಗೆ ಹಳೆಯ ಲಿಪಿ ಮಾತ್ರ ಓದಲು ಬರುತ್ತಿತ್ತು. ದೊಡ್ಡ ಕಾರ್ಡನ್ನು ಮೊಮ್ಮಗನ ಫೋನಿಗೇ ಹಾಕಿಕೊಳ್ಳಲಿ ಎಂದು ಹೇಳಿ, 16 ಜಿಬಿಯದಕ್ಕೆ ಡೊಳ್ಳಿನ ಪದ, ಭಜನಾ ಪದ ತುಂಬಿಸಿಕೊಟ್ಟೆ. ಹಳೆಯ ಲೆಕ್ಕಕ್ಕೆ ಇನ್ನೊಂದು ಮಿತಿಯೂ ಇದೆ: 4 ಜಿಬಿ ತುಂಬುವ ಒಂಟಿ ಫೈಲು ಅದರಲ್ಲಿ ಹಿಡಿಯುವುದಿಲ್ಲ. ಕಾರ್ಡಿನಲ್ಲಿ 20 ಜಿಬಿ ಖಾಲಿ ಇದ್ದರೂ ಮೂರು ತಾಸಿನ ದೊಡ್ಡ ವಿಡಿಯೊ ಕಾಪಿ ಆಗದೆ ನಿಂತರೆ ಕಾರಣ ಅದಿರಬಹುದು.

‘32 ಅಂತ ಬರದಾರ, 29 ಚಿಲ್ರ ಐತಲ್ಲ’ ಎಂದು ಜಗಳಕ್ಕೆ ಬರುವವರೂ ಇದ್ದಾರೆ. ಅದು ಮೋಸವಲ್ಲ. ಕಂಪನಿ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತದೆ, ಕಂಪ್ಯೂಟರು 1024ರ ಮಡಿಯಲ್ಲಿ ಎಣಿಸುತ್ತದೆ. ಹಾಗಾಗಿ 32 ಎಂಬುದು 29.8 ಆಗುತ್ತದೆ, 64 ಎಂಬುದು 59.6.

ನಿಜವಾದ ಮೋಸ ಬೇರೆ ಇದೆ, ಅದು ನಮ್ಮ ರೂಮಿಗೇ ಬಂದಿತ್ತು.

ನನ್ನ ರೂಮ್‌ಮೇಟ್ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ. ಅವನಿಗೊಂದು ವಿಚಿತ್ರ ರೂಢಿ. ದಿನವೂ ಓದಿದ್ದನ್ನು ರಾತ್ರಿ ತನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಬೆಳಿಗ್ಗೆ ಹೊಟೇಲಿನಲ್ಲಿ ಪಾತ್ರೆ ಜೋಡಿಸುವ ಕೆಲಸ ಮಾಡುತ್ತ ಕಿವಿಗೆ ಸಿಕ್ಕಿಸಿಕೊಂಡು ಅದನ್ನೇ ಕೇಳುತ್ತಿದ್ದ. ಕುಳಿತು ಓದಲು ಸಿಗದ ಐದು ತಾಸು ಹೀಗೆ ಅವನ ಪಾಲಿಗೆ ಓದಿನ ತಾಸುಗಳಾಗಿದ್ದವು. ನನ್ನ ಜತೆ ರೂಮಿಗೆ ಬರುವ ಮೊದಲೇ, ಬೆಂಗಳೂರಿಗೆ ಪರೀಕ್ಷೆ ಬರೆಯಲು ಹೋದಾಗ ಪಾದಚಾರಿ ಮಾರ್ಗದ ಮೇಲೆ ಹರವಿಕೊಂಡು ಮಾರುವವರ ಹತ್ತಿರ 450 ರೂಪಾಯಿಗೆ ‘512 ಜಿಬಿ’ ಕಾರ್ಡು ತಂದಿದ್ದ. ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಿತು. ಪರೀಕ್ಷೆಗೆ ಐದು ವಾರ ಇರುವಾಗ ಒಂದು ರಾತ್ರಿ, ‘ಹೆಸರೆಲ್ಲಾ ಕಾಣಾಕತ್ತಾವಲೇ, ಒಂದೂ ಓಪನ್ ಆಗವಲ್ದು’ ಎಂದು ನನ್ನನ್ನು ಎಬ್ಬಿಸಿದ.

ಫೈಲಿನ ಹೆಸರಿದೆ, ಗಾತ್ರ ಸರಿಯಾಗಿದೆ, ಒಳಗೆ ಏನೂ ಇಲ್ಲ. ಮರುದಿನ ಅಂಗಡಿಯ ಕಂಪ್ಯೂಟರಿಗೆ ಹಾಕಿ, ತೆರೆಯುವಷ್ಟನ್ನು ಮೊದಲು ಬೇರೆ ಕಡೆ ಕಾಪಿ ಮಾಡಿದೆ. ಆಮೇಲೆ ಫೋಟೊರೆಕ್ ಎಂಬ ಉಚಿತ ತಂತ್ರಾಂಶದಿಂದ ಉಳಿದದ್ದನ್ನು ಕೆದಕಿದೆ. ಹೊಸದೇನೂ ಸಿಗಲಿಲ್ಲ. ಕೊನೆಗೆ ಎಚ್‌2ಟೆಸ್ಟ್‌ಡಬ್ಲ್ಯು ಎಂಬ ಇನ್ನೊಂದು ಉಚಿತ ತಂತ್ರಾಂಶ ಹಚ್ಚಿಟ್ಟು ರೂಮಿಗೆ ಬಂದೆ. ಅದು ಕಾರ್ಡಿನ ತುಂಬ ಪರೀಕ್ಷೆಯ ದತ್ತಾಂಶ ಬರೆಯುತ್ತದೆ, ಆಮೇಲೆ ಬರೆದದ್ದು ಹಾಗೇ ಇದೆಯೇ ಎಂದು ಓದಿ ನೋಡುತ್ತದೆ. ಮರುದಿನ ಸಂಜೆ ಹೋದಾಗ ಉತ್ತರ ಸಿದ್ಧವಿತ್ತು: ಒಳಗಿದ್ದ ನಿಜವಾದ ಜಾಗ 8 ಜಿಬಿಗೂ ಕಡಿಮೆ.

ಇದು ಹೇಗೆ ಸಾಧ್ಯ ಎಂದರೆ, ಕಾರ್ಡಿನೊಳಗೆ ಒಬ್ಬ ಗುಮಾಸ್ತನಿದ್ದಾನೆ, ಕಂಟ್ರೋಲರ್ ಎಂಬ ಸಣ್ಣ ಚಿಪ್. ‘ನಿನ್ನ ಹತ್ತಿರ ಎಷ್ಟು ಜಾಗ ಇದೆ’ ಎಂದು ಫೋನು ಕೇಳಿದರೆ ಹೇಳುವವನು ಅವನು. ಮೋಸಗಾರರು ಅವನಿಗೆ ಸುಳ್ಳು ಹೇಳಿಕೊಟ್ಟಿರುತ್ತಾರೆ. 8 ಜಿಬಿ ತುಂಬುವವರೆಗೆ ಎಲ್ಲವೂ ಸರಿ. ಅಲ್ಲಿಂದಾಚೆ ಬಂದದ್ದನ್ನು ‘ಇಟ್ಟೆ’ ಎನ್ನುತ್ತಾನೆ, ಇಡುವುದಿಲ್ಲ. ಕೆಲವು ಕಾರ್ಡುಗಳಲ್ಲಿ ಹಳೆಯದರ ಮೇಲೆಯೇ ಬರೆದುಬಿಡುತ್ತಾನೆ. ಹೆಸರುಗಳ ಪಟ್ಟಿ ಕಾರ್ಡಿನ ಮೊದಲ ಭಾಗದಲ್ಲಿರುವುದರಿಂದ ಅದು ಉಳಿದುಕೊಳ್ಳುತ್ತದೆ. ಅದಕ್ಕೇ ಹೆಸರು ಕಾಣುತ್ತಿತ್ತು, ದನಿ ಇರಲಿಲ್ಲ.

ನನ್ನ ಗೆಳೆಯನ ಮೊದಲಿನ ತಿಂಗಳುಗಳ ಇತಿಹಾಸ, ಭೂಗೋಳ ಉಳಿದವು. ಸಂವಿಧಾನ ಪೂರ್ತಿ ಹೋಯಿತು, ಕರ್ನಾಟಕದ ಆರ್ಥಿಕತೆ ಅರ್ಧ ಹೋಯಿತು. ನಾಲ್ಕು ತಿಂಗಳ ರಾತ್ರಿಗಳ ಕೆಲಸ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪ್ರಸ್ತಾವನೆಯಿಂದ ಮತ್ತೆ ಶುರು ಮಾಡಿದ, ಈ ಸಲ ದಿನಕ್ಕೆ ಮೂರು ತಾಸು. ಮಧ್ಯರಾತ್ರಿ ಅವನು ಮೂಲಭೂತ ಹಕ್ಕುಗಳನ್ನು ಗಟ್ಟಿಯಾಗಿ ಓದುತ್ತಿದ್ದರೆ ಪಕ್ಕದ ರೂಮಿನವರು ಗೋಡೆ ಬಡಿಯುತ್ತಿದ್ದರು.

ಹಾಗಾಗಿ ಹೊಸ ಕಾರ್ಡು ತಂದ ದಿನವೇ, ಅದು ಖಾಲಿ ಇರುವಾಗಲೇ, ಈ ಪರೀಕ್ಷೆ ಮಾಡಿಬಿಡಿ. ಲಿನಕ್ಸ್ ಬಳಸುವವರಿಗೆ ಎಫ್3 ಎಂಬುದಿದೆ. ಕಾಲೇಜಿನ ಲ್ಯಾಬಿನಲ್ಲೋ ಗೆಳೆಯರ ಲ್ಯಾಪ್‌ಟಾಪಿನಲ್ಲೋ ಹಚ್ಚಿಟ್ಟರೆ ಮುಗಿಯಿತು. ತುಂಬಿದ ಕಾರ್ಡಿನ ಮೇಲೆ ಮಾತ್ರ ಬೇಡ. ನೂರು ರೂಪಾಯಿಗೆ ಎತ್ತು ಸಿಕ್ಕರೆ ಹಲ್ಲು ಎಣಿಸಬೇಕು ಎಂದು ನಮ್ಮ ಅಪ್ಪ ಹೇಳುತ್ತಿರುತ್ತಾರೆ. ಇದೂ ಅಷ್ಟೇ.

ಕಾರ್ಡು ಫೋನಿಗೆ ಹಾಕುವುದು ದೊಡ್ಡ ವಿದ್ಯೆಯಲ್ಲ. ಫೋನ್ ಆಫ್ ಮಾಡಿ, ಪಿನ್ನು ಚುಚ್ಚಿ ಟ್ರೇ ತೆಗೆದು, ಟ್ರೇಯಲ್ಲಿ ಕೊರೆದಿರುವ ಆಕಾರಕ್ಕೆ ಸರಿಯಾಗಿ ಕೂರಿಸಿ ಒಳಗೆ ತಳ್ಳುವುದು. ಬಲ ಬೇಡ. ಕೂರದಿದ್ದರೆ ತಿರುವುಮುರುವು ಆಗಿದೆ ಎಂದೇ ಅರ್ಥ. ನಿಜವಾದ ತೀರ್ಮಾನ ಇರುವುದು ಆಮೇಲೆ ಪರದೆಯ ಮೇಲೆ ಬರುವ ಪ್ರಶ್ನೆಯಲ್ಲಿ. 2015ರ ಆಂಡ್ರಾಯ್ಡ್ 6ರಿಂದೀಚೆಗೆ ಅನೇಕ ಫೋನುಗಳು ಕೇಳುತ್ತವೆ: ಈ ಕಾರ್ಡನ್ನು ‘ಪೋರ್ಟಬಲ್ ಸ್ಟೋರೇಜ್’ ಮಾಡಲೋ, ಫೋನಿನ ‘ಇಂಟರ್ನಲ್ ಸ್ಟೋರೇಜ್’ ಮಾಡಲೋ? ಎಲ್ಲ ಫೋನಿನಲ್ಲೂ ಈ ಆಯ್ಕೆ ಇಲ್ಲ, ಸ್ಯಾಮ್ಸಂಗ್‌ನ ಹೆಚ್ಚಿನ ಫೋನುಗಳು ಎರಡನೆಯದನ್ನು ಕೊಡುವುದೇ ಇಲ್ಲ.

ಎರಡನೆಯದು ಕೇಳಲು ಚೆನ್ನಾಗಿದೆ. ಫೋನಿನ ಜಾಗವೇ ಹಿಗ್ಗಿದಂತೆ, ಆ್ಯಪ್‌ಗಳೂ ಕಾರ್ಡಿಗೆ ಹೋಗುತ್ತವೆ. ಆದರೆ ಆಗ ಫೋನು ಕಾರ್ಡಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಕೀಲಿಯನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಆ ಕಾರ್ಡು ಬೇರೆ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಫೋನನ್ನು ರೀಸೆಟ್ ಮಾಡಿದರೆ ಕೀಲಿಯೂ ಹೋಯಿತು. ನರ್ಸಿಂಗ್ ಓದುವ ಹುಡುಗಿಯೊಬ್ಬಳು ಮಳೆಯಲ್ಲಿ ನೆನೆದು ಸತ್ತ ಫೋನು ತಂದಿದ್ದಳು. ‘ಫೋನ್ ಹೋದರ ಹೋಗ್ಲಿ, ಫೋಟೋ ಕಾರ್ಡಿನಾಗ ಅದಾವ’ ಎಂಬ ಧೈರ್ಯದಲ್ಲಿದ್ದಳು. ಕಾರ್ಡು ಇಂಟರ್ನಲ್ ಆಗಿತ್ತು. ಫೋನಿನ ಬೋರ್ಡು ಕೊನೆಗೂ ಜೀವ ಹಿಡಿಯಲಿಲ್ಲ. ಅವಳಿಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ಫೋನುಗಳು ಬೀಳುತ್ತವೆ, ನೆನೆಯುತ್ತವೆ, ಸಾಯುತ್ತವೆ. ನಮ್ಮ ಸೆಕೆಂಡ್ ಹ್ಯಾಂಡ್ ಫೋನುಗಳಂತೂ ಇನ್ನೂ ಬೇಗ. ಅದಕ್ಕೇ ಕೇಳಿದವರಿಗೆಲ್ಲ ನಾನು ಪೋರ್ಟಬಲ್ ಎಂದೇ ಹೇಳುತ್ತೇನೆ. ಎಲ್ಲಿ ಬೇಕಾದರೂ ಕಿತ್ತು ಹಾಕಿಕೊಳ್ಳಬಹುದು. ಎರಡರಲ್ಲಿ ಯಾವುದಾದರೂ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಒಪ್ಪುವ ಮುನ್ನ ಹಳೆಯದನ್ನು ಕಾಪಿ ಮಾಡಿಕೊಳ್ಳಿ, ಫಾರ್ಮ್ಯಾಟ್ ಅಂದರೆ ಗುಡಿಸಿ ಸಾರಿಸಿದ ಹಾಗೆ.

ಕಾರ್ಡು ಹಾಕಿದ ತಕ್ಷಣ ಫೋನು ತಾನಾಗಿ ಹಗುರವಾಗುವುದಿಲ್ಲ. ಕ್ಯಾಮೆರಾದ ಸೆಟ್ಟಿಂಗಿಗೆ ಹೋಗಿ ಫೋಟೊ ಉಳಿಸುವ ಜಾಗ ಎಸ್‌ಡಿ ಕಾರ್ಡ್ ಎಂದು ಬದಲಿಸಬೇಕು. ವಾಟ್ಸ್‌ಆ್ಯಪ್ ಹಟಮಾರಿ. ಅದರ ಫೋಟೊ, ವಿಡಿಯೊಗಳನ್ನು ನೇರವಾಗಿ ಕಾರ್ಡಿಗೆ ಕಳಿಸುವ ಆಯ್ಕೆಯೇ ಇಲ್ಲ. ವಾರಕ್ಕೊಮ್ಮೆ ಫೈಲ್ ಮ್ಯಾನೇಜರಿನಿಂದ ನಾವೇ ದಾಟಿಸಬೇಕು. ಗುಡ್ ಮಾರ್ನಿಂಗ್ ಚಿತ್ರಗಳನ್ನು ದಾಟಿಸುವ ಬದಲು ಅಳಿಸಿದರೂ ನಡೆದೀತು. ಕಾರ್ಡು ತೆಗೆಯುವಾಗ ಸ್ಟೋರೇಜ್ ಸೆಟ್ಟಿಂಗಿನಲ್ಲಿ ‘ಇಜೆಕ್ಟ್’ ಒತ್ತಿ ತೆಗೆಯಿರಿ. ಬರೆಯುತ್ತಿರುವ ಪುಸ್ತಕವನ್ನು ನಡುವೆ ಕಸಿದರೆ ಗೀಚಾಗುತ್ತದಲ್ಲ, ಹಾಗೆ.

ಕಾರ್ಡಿನಲ್ಲಿ ಇದ್ದರೆ ಶಾಶ್ವತ ಎಂಬ ನಂಬಿಕೆಯೂ ಬೇಡ. ಇದರ ಹಿಂದಿರುವ ಫ್ಲ್ಯಾಶ್ ಮೆಮೊರಿಯನ್ನು 1980ರ ದಶಕದಲ್ಲಿ ಜಪಾನಿನ ತೋಷಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕಾ ಕಂಡುಹಿಡಿದರು. ಕ್ಯಾಮೆರಾದ ಫ್ಲ್ಯಾಶ್ ಹೊಳೆದಂತೆ ಒಂದೇ ಏಟಿಗೆ ಅಳಿಸಿಹೋಗುತ್ತದೆ ಎಂದು ಅವರ ಸಹೋದ್ಯೋಗಿ ಈ ಹೆಸರು ಸೂಚಿಸಿದರಂತೆ. ಅಳಿಸುವ ಗುಣವೇ ಹೆಸರಾದ ವಸ್ತು! ಸಣ್ಣ ಸಣ್ಣ ಕೋಶಗಳಲ್ಲಿ ವಿದ್ಯುತ್ ಕಣಗಳನ್ನು ಕೂಡಿಟ್ಟು ನೆನಪು ಹಿಡಿಯುವುದು ಅದರ ಕೆಲಸ. ಪ್ರತಿ ಸಲ ಬರೆದು ಅಳಿಸಿದಾಗಲೂ ಕೋಶಗಳು ಸವೆಯುತ್ತವೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಬಿಟ್ಟರೆ ಕಣಗಳು ನಿಧಾನಕ್ಕೆ ಸೋರುತ್ತವೆ. ಮಾರ್ಕ್ಸ್ ಕಾರ್ಡ್, ಜಾತಿ-ಆದಾಯ ಪ್ರಮಾಣಪತ್ರದ ಸ್ಕ್ಯಾನ್, ಅರ್ಜಿಗೆ ಬೇಕಾದ ಅಳತೆಯ ಫೋಟೊ, ಸಹಿ ಇವೆಲ್ಲ ಇನ್ನೊಂದು ಕಡೆಯೂ ಇರಲಿ. ಇಮೇಲಿನಲ್ಲಾಗಲಿ, ಡಿಜಿಲಾಕರಿನಲ್ಲಾಗಲಿ.

ತಪ್ಪಿ ಏನಾದರೂ ಡಿಲೀಟ್ ಆದರೆ ಎದೆ ಒಡೆದುಕೊಳ್ಳಬೇಡಿ, ಕಾರ್ಡನ್ನು ಕೂಡಲೇ ಹೊರತೆಗೆಯಿರಿ. ಡಿಲೀಟ್ ಎಂದರೆ ಪರಿವಿಡಿಯಿಂದ ಹೆಸರು ಹೊಡೆದದ್ದು, ಪುಟ ಹರಿದದ್ದಲ್ಲ. ಮೇಲೆ ಹೊಸದೇನೂ ಬರೆಯದಿದ್ದರೆ ಫೋಟೊರೆಕ್‌ನಂಥವು ಬಹುಪಾಲು ಹಿಂತಿರುಗಿಸುತ್ತವೆ. ಹೆಸರುಗಳು ಮಾತ್ರ ಹೋಗಿರುತ್ತವೆ, ಕೂತು ಹುಡುಕಿಕೊಳ್ಳಬೇಕು.

ಇದೇ ಗುಣಕ್ಕೆ ಇನ್ನೊಂದು ಮುಖವಿದೆ, ಹುಡುಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಫೋನಿಗೆ ಪಾಸ್‌ವರ್ಡ್ ಇರಬಹುದು. ಪೋರ್ಟಬಲ್ ಕಾರ್ಡಿಗೆ ಸಾಮಾನ್ಯವಾಗಿ ಬೀಗವಿರುವುದಿಲ್ಲ. ಕಿತ್ತು ಬೇರೆಯದಕ್ಕೆ ಹಾಕಿದರೆ ಎಲ್ಲ ಕಾಣುತ್ತದೆ. ನೀವು ಅಳಿಸಿ ಮಾರಿದ ಕಾರ್ಡಿನಿಂದ ಕೊಂಡವನು ನಿಮ್ಮ ಫೋಟೊಗಳನ್ನು ಮರಳಿ ತೆಗೆಯಬಹುದು. ಸ್ಯಾಮ್ಸಂಗ್‌ನಂಥ ಕೆಲವು ಫೋನುಗಳಲ್ಲಿ ಕಾರ್ಡಿಗೂ ಬೀಗ ಹಾಕುವ ಆಯ್ಕೆ ಇರುತ್ತದೆ, ಇದ್ದರೆ ಬಳಸಿ. ಯಾರಿಗಾದರೂ ಕೊಡುವುದಿದ್ದರೆ ಫಾರ್ಮ್ಯಾಟ್ ಮಾಡಿ, ಮೇಲೆ ತುಂಬುವಷ್ಟು ಸಿನಿಮಾ ಹಾಕಿ, ಮತ್ತೆ ಫಾರ್ಮ್ಯಾಟ್ ಮಾಡಿ ಕೊಡಿ. ಹಾಡು ತುಂಬಿಸಲು ಕೊಡುವ ಕಾರ್ಡು ಬೇರೆ ಇರಲಿ, ಆಧಾರ್ ಇಟ್ಟ ಕಾರ್ಡು ಬೇರೆ ಇರಲಿ.

ರಿಪೇರಿಗೆ ಫೋನು ಬಂದಾಗ ನಾನು ಮೊದಲು ಟ್ರೇ ತೆಗೆದು ಸಿಮ್ಮು, ಕಾರ್ಡು ಎರಡನ್ನೂ ಅವರ ಕೈಗೇ ಕೊಡುತ್ತೇನೆ. ‘ಇರಲಿ ಬಿಡ್ರಿ, ಅದರಾಗೇನೈತಿ’ ಎನ್ನುತ್ತಾರೆ. ಕಾಗದದ ಪೊಟ್ಟಣ ಕಟ್ಟಿ, ಮೇಲೆ ಹೆಸರು ಬರೆದು, ಜೇಬಿಗೆ ಹಾಕಿಕೊಳ್ಳುವವರೆಗೆ ಫೋನು ಬಿಚ್ಚುವುದಿಲ್ಲ.